ತಂದೆ ಇಲ್ಲದವರು

ತರಗತಿ ಸುರುವಾಗುವ ದಿನ ವಿದ್ಯಾರ್ಥಿಗಳಿಗೆ ಕಾಲೇಜಿನ ನಿಯಮಾವಳಿ ಓದಿ ಹೇಳುವ ಕೆಲಸ ವರ್ಷ ವರ್ಷವೂ ನನ್ನ ತಲೆಗೇ ಬೀಳುತ್ತದೆ. ನನ್ನ ಗಂಟಲು ದೊಡ್ಡದು, ಅದಕ್ಕೆ ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ನಿಜವಾದ ಕಾರಣ ಬೇರೆ ಇದೆ. ಆ ನಿಯಮಗಳನ್ನು ಓದುವಾಗ ಉಳಿದವರಿಗೆಲ್ಲ ನಗು ಬರುತ್ತದೆ, ನನಗೆ ಸಿಟ್ಟು ಬರುತ್ತದೆ. ಸಿಟ್ಟಿನಲ್ಲಿ ಓದಿದರೆ ಹುಡುಗರು ಸ್ವಲ್ಪ ಹೆದರುತ್ತಾರೆ. ಆ ಹೆದರಿಕೆ ಒಂದು ವಾರ ಬಾಳಿಕೆ ಬರುತ್ತದೆ, ಆಮೇಲೆ ಎಲ್ಲ ಮಾಮೂಲು.

ನಮ್ಮ ಕಾಲೇಜು ಇರುವುದು ಉಡುಪಿಯಿಂದ ಮಣಿಪಾಲಕ್ಕೆ ಏರುವ ರಸ್ತೆಯ ಬದಿಯಲ್ಲಿ. ಮೂರನೇ ಮಹಡಿಯ ಕಿಟಕಿಯಿಂದ ತೆಂಗಿನ ತೋಟಗಳ ಆಚೆ ಕಡಲು ಒಂದು ಗೆರೆಯಷ್ಟು ಕಾಣುತ್ತದೆ. ನಾನು ಕಾರ್ಕಳದ ಕಡೆಯವಳು, ಗದ್ದೆ ಮತ್ತು ಕರಿಬಂಡೆಯ ನಡುವೆ ಬೆಳೆದವಳು. ಮದುವೆಯಾಗಿ ಬನ್ನಂಜೆಗೆ ಬಂದು ಎಷ್ಟೋ ವರ್ಷವಾದರೂ ಕಡಲು ನನಗೆ ಆ ಗೆರೆಯಷ್ಟೇ. ಮನೆಮಾತು ತುಳುವಾದರೂ ಕಡಲ ಬದಿಯವರ ತುಳುವಿನಲ್ಲಿ ನಮಗೆ ಗೊತ್ತಿಲ್ಲದ ಎಷ್ಟೋ ಕಟ್ಟುಪಾಡುಗಳಿವೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಡೆದದ್ದು ಏನೆಂದು ನನಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

ನಿಯಮಗಳು ಹೀಗಿವೆ. ಒಂಬತ್ತು ಗಂಟೆಗೆ ಗೇಟು ಬಂದ್. ಎರಡು ಸಲ ತಡವಾದರೆ ಒಂದು ದಿನದ ಗೈರು. ಮೊಬೈಲನ್ನು ಬಾಗಿಲ ಹತ್ತಿರದ ಪೆಟ್ಟಿಗೆಯಲ್ಲಿ ಹಾಕಿಯೇ ಒಳಗೆ ಬರಬೇಕು. ಹರಿದ ಪ್ಯಾಂಟು ಬೇಡ, ಬಣ್ಣದ ಕೂದಲು ಬೇಡ. ತರಗತಿಯೊಳಗೆ ಕನ್ನಡ ಅಥವಾ ಇಂಗ್ಲಿಷ್ ಮಾತ್ರ, ತುಳು ಆಡುವಂತಿಲ್ಲ. ಈ ಕೊನೆಯದನ್ನು ತಂದವರು ನಮ್ಮ ವಿಭಾಗದ ಮುಖ್ಯಸ್ಥರು. ಅವರು ಘಟ್ಟದ ಮೇಲಿನವರು, ತುಳು ಬಾರದು. ಹುಡುಗರು ತುಳುವಿನಲ್ಲಿ ಮಾತಾಡಿ ನಕ್ಕರೆ ತನ್ನನ್ನೇ ಆಡಿಕೊಂಡು ನಗುತ್ತಿದ್ದಾರೆ ಎಂದು ಅವರಿಗೆ ಸಂಶಯ. ಅರ್ಧಕ್ಕರ್ಧ ಸಲ ಆ ಸಂಶಯ ಸರಿಯಾಗಿಯೇ ಇರುತ್ತಿತ್ತು.

ಅವರನ್ನು ಕೆಟ್ಟವರು ಎಂದರೆ ನನ್ನ ನಾಲಿಗೆ ಸೇದಿಹೋದೀತು. ಯಾರ ಹಂಗಿಗೂ ಬೀಳದ ಮನುಷ್ಯ. ಅಣ್ಣನ ಮಗ ನಮ್ಮಲ್ಲೇ ಓದುತ್ತಿದ್ದಾಗ, ಹಾಜರಾತಿ ಸಾಲದೆಂದು ಅವನಿಗೇ ಹಾಲ್ ಟಿಕೆಟ್ ಕೊಡದೆ ಮನೆಯಲ್ಲಿ ಕೂರಿಸಿದ್ದರು. ಅಣ್ಣತಮ್ಮಂದಿರು ಆಮೇಲೆ ಮಾತು ಬಿಟ್ಟರಂತೆ. ಒಬ್ಬರಿಗೆ ಸಡಿಲಿಸಿದರೆ ಇನ್ನೊಬ್ಬರಿಗೆ ಅನ್ಯಾಯ ಎನ್ನುವುದು ಅವರ ಒಂದೇ ಪಾಠ. ಅದನ್ನು ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ.

ಹಾಜರಾತಿ ಶೇಕಡಾ ಎಪ್ಪತ್ತೈದಕ್ಕಿಂತ ಕೆಳಗಿಳಿದವರು ಪರೀಕ್ಷೆಗೆ ಮೊದಲು ಹೆತ್ತವರನ್ನು ಕರೆತಂದು, ಇನ್ನು ಮುಂದೆ ಹೀಗಾಗುವುದಿಲ್ಲ ಎಂದು ಅವರ ಬಾಯಿಂದ ಹೇಳಿಸಿದರೆ ಮಾತ್ರ ಹಾಲ್ ಟಿಕೆಟ್. ಹಿಂದೆ ಯಾರು ಬಂದರೂ ನಡೆಯುತ್ತಿತ್ತು. ಹುಡುಗರು ಬಾಡಿಗೆ ಮಾವಂದಿರನ್ನು ತರುವುದು ಸುರುಮಾಡಿದರು. ಒಬ್ಬನಂತೂ ಬಸ್‌ಸ್ಟ್ಯಾಂಡಿನ ಹೋಟೆಲಿನ ಅಡುಗೆಭಟ್ಟರನ್ನು ಚಿಕ್ಕಪ್ಪ ಎಂದು ತಂದು ನಿಲ್ಲಿಸಿದ. ಪಾಪ, ಆ ಭಟ್ಟರಿಗೆ ಅಣ್ಣನ ಮಗನ ಹೆಸರೇ ಗೊತ್ತಿರಲಿಲ್ಲ. ಅಮ್ಮಂದಿರು ಬಂದರೆ ಅಳುತ್ತಾರೆ, ಅತ್ತರೆ ಮುಖ್ಯಸ್ಥರಿಗೆ ತಡೆಯುವುದಿಲ್ಲ. ಹಾಗಾಗಿ ಅವರು ವಾಕ್ಯ ತಿದ್ದಿದರು: ತಂದೆಯೇ ಖುದ್ದಾಗಿ ಬರಬೇಕು, ತಂದೆ ಇಲ್ಲದವರು ತಾಯಿಯನ್ನು ಕರೆತರಬೇಕು. ಆ ವರ್ಷ ಅದನ್ನು ಗಟ್ಟಿಯಾಗಿ ಓದಿದವಳು ನಾನೇ. ಓದುವಾಗ ಅದರಲ್ಲಿ ಏನೂ ವಿಶೇಷ ಕಾಣಲಿಲ್ಲ.

ಕೊನೆಯ ವರ್ಷದ ಬಿ.ಕಾಂ.ನಲ್ಲಿ ಕಾಪುವಿನ ಒಬ್ಬ ಹುಡುಗಿ ಇದ್ದಳು. ಮಾತು ಕಡಿಮೆ, ಲೆಕ್ಕದಲ್ಲಿ ಚುರುಕು. ಅವಳ ತಾಯಿ ಮನೆಮನೆಗೆ ಹೋಗಿ ಮೀನು ಮಾರುವವರು. ಮೊಣಕಾಲು ನೋವಾಗಿ ಬುಟ್ಟಿ ಹೊತ್ತು ನಡೆಯುವುದು ಆಗದೆಹೋದ ಮೇಲೆ, ಬೆಳಗ್ಗೆ ಮಲ್ಪೆ ಬಂದರಿಗೆ ಸ್ಕೂಟರಿನಲ್ಲಿ ಕರೆದುಕೊಂಡು ಹೋಗಿ, ಏಲಂ ಮುಗಿದು ಮೀನು ಸಿಕ್ಕಿದ ಮೇಲೆ ಉದ್ಯಾವರದ ಗಿರಾಕಿಗಳ ಹತ್ತಿರ ಬಿಟ್ಟು ಬರುವ ಕೆಲಸ ಮಗಳ ಪಾಲಿಗೆ ಬಂತು. ಆಮೇಲೆ ಮನೆಗೆ ಹೋಗಿ ಇನ್ನೊಮ್ಮೆ ಸ್ನಾನ ಮಾಡಿ, ಒದ್ದೆ ಜಡೆಯಲ್ಲೇ ಕಾಲೇಜಿಗೆ ಬರುತ್ತಿದ್ದಳು. ಮೀನಿನ ವಾಸನೆ ಬರುತ್ತದೆಂದು ಯಾರಾದರೂ ಮೂಗು ಮುರಿದಾರು ಎಂಬ ಹೆದರಿಕೆ. ಆ ಎರಡನೇ ಸ್ನಾನದ ಹತ್ತು ನಿಮಿಷದಿಂದಲೇ ಅವಳಿಗೆ ಗೇಟು ತಪ್ಪುತ್ತಿತ್ತು. ನವೆಂಬರ್ ಬರುವಷ್ಟರಲ್ಲಿ ಹಾಜರಾತಿ ಕೆಳಗಿಳಿದಿತ್ತು.

ಮುಖ್ಯಸ್ಥರು ಕೊರತೆಯಿದ್ದವರನ್ನು ಒಬ್ಬೊಬ್ಬರಾಗಿ ಕೋಣೆಗೆ ಕರೆಸಿದರು. ಅವಳ ಸರದಿ ಬಂದಾಗ ತಂದೆಯನ್ನು ಯಾವಾಗ ತರುತ್ತೀ ಎಂದು ಕೇಳಿದರಂತೆ. ಅವಳು, ಅಪ್ಪ ಇಲ್ಲ ಸರ್, ಅಮ್ಮನನ್ನು ಕರೆದುಕೊಂಡು ಬರಬಹುದಾ ಎಂದಳಂತೆ. ಅವರು ಒಡನೆ ಒಪ್ಪಿದರು. ಸ್ಟಾಫ್ ರೂಮಿಗೆ ಬಂದು, ನೋಡಿ ಮೇಡಂ, ಪಾಪದ ಹುಡುಗಿ, ನಮಗೆ ಗೊತ್ತೇ ಇರಲಿಲ್ಲ ಎಂದು ನೊಂದುಕೊಂಡರು. ನನಗೂ ಗೊತ್ತಿರಲಿಲ್ಲ. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು.

ಮರುದಿನ ನಾನು ಪಾಠ ಮಾಡುತ್ತಿದ್ದಾಗ ಅವರು ತರಗತಿಗೆ ಬಂದರು. ಕೊರತೆಯಿದ್ದ ಹುಡುಗರನ್ನೆಲ್ಲ ನಿಲ್ಲಿಸಿ ಚೆನ್ನಾಗಿ ಉಗಿದರು. ಆಮೇಲೆ ಅವಳನ್ನೂ ನಿಲ್ಲಿಸಿ ದನಿ ತಗ್ಗಿಸಿದರು.

“ಈ ಹುಡುಗಿಗೆ ತಂದೆ ಇಲ್ಲ. ತಾಯಿ ಮೀನು ಮಾರಿ ಓದಿಸ್ತಿದ್ದಾರೆ. ಇವಳು ಬೆಳಿಗ್ಗೆ ತಾಯಿಗೆ ಸಹಾಯ ಮಾಡಿ ಬರ್ತಾಳೆ, ಅದಕ್ಕೆ ತಡ ಆಗುತ್ತೆ. ತಂದೆ ಇರೋ ನಿಮಗೆಲ್ಲ ಏನು ರೋಗ?”

ಹೊಗಳಬೇಕೆಂದೇ ಹೇಳಿದ್ದು. ಆದರೆ ಹಿಂದಿನ ಬೆಂಚಿನಲ್ಲಿದ್ದ ಮಲ್ಪೆಯ ಇಬ್ಬರು ಹುಡುಗರು ಸಟ್ಟನೆ ತಲೆಯೆತ್ತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹುಡುಗಿ ಹೆಬ್ಬೆರಳಿನಿಂದ ಬೆಂಚಿನ ಅಂಚನ್ನು ಕೆರೆಯುತ್ತ ನಿಂತಿದ್ದಳು. ಗಂಟೆಯಾದ ಮೇಲೂ ಆ ತರಗತಿಯಲ್ಲಿ ಎಂದಿನ ಗಲಾಟೆ ಏಳಲಿಲ್ಲ.

ನನಗೆ ಅದು ಸರಿಕಾಣಲಿಲ್ಲ. ವರಾಂಡದಲ್ಲಿ ಅವಳನ್ನು ಹಿಡಿದು ನಿಲ್ಲಿಸಿ ತುಳುವಿನಲ್ಲಿ ವಿಚಾರಿಸಿದೆ. ಅಪ್ಪ ಯಾವಾಗ ತೀರಿಕೊಂಡದ್ದು ಎಂದು ಕೇಳುವುದು ಒರಟಾಗುತ್ತದಲ್ಲ, ಅದಕ್ಕೆ ಮೆಲ್ಲಗೆ, ಅಪ್ಪ ‘ಇಜ್ಜೆರಾ’ ಎಂದೆ. ಇಲ್ಲವಾ ಎಂದು ಅರ್ಥ. ಅವಳು ಬಿಸಿ ನೀರು ಬಿದ್ದವರ ಹಾಗೆ ಹಿಂದೆ ಸರಿದಳು.

“ಅದು ಹೇಳಬೇಡಿ ಮೇಡಂ. ಅಪ್ಪ ಬೋಟಿಗೆ ಹೋಗಿದ್ದಾರೆ.”

ಅವಳ ಅಪ್ಪ ಮಲ್ಪೆಯ ಆಳಸಮುದ್ರದ ಬೋಟೊಂದರ ತಾಂಡೇಲ, ಎಂದರೆ ಬೋಟು ನಡೆಸುವವರು. ಹೋದರೆ ಹತ್ತು ಹನ್ನೆರಡು ದಿನ ಬರುವುದಿಲ್ಲ. ಬಂದರೆ ಒಂದು ದಿನ ಮನೆಯಲ್ಲಿ ಮಲಗಿ ಎದ್ದು ಮತ್ತೆ ಹೊರಡುತ್ತಾರೆ. ಅಪ್ಪ ಇಲ್ಲ ಎಂದರೆ ಊರಲ್ಲಿಲ್ಲ ಎಂದಷ್ಟೇ ಅವಳು ಹೇಳಿದ್ದು. ಮುಖ್ಯಸ್ಥರು ಅದನ್ನು ಬೇರೆ ತೆರನಾಗಿ ತಿಳಿದುಕೊಂಡದ್ದು ಅವಳಿಗೆ ಅಲ್ಲೇ ಹೊಳೆಯಿತು. ಆದರೆ ಕೆಲಸ ಸುಲಭದಲ್ಲಿ ಆಗುತ್ತಿತ್ತು, ಎದುರು ಮಾತಾಡುವ ಧೈರ್ಯವೂ ಇರಲಿಲ್ಲ, ಸುಮ್ಮನೆ ಬಂದಳು.

ಮಾತಿಗೆ ಹೆದರುವುದು ನಮಗೇನೂ ಹೊಸತಲ್ಲ. ನಾವು ದೀಪ ಆರಿಸುವುದಿಲ್ಲ, ದೊಡ್ಡದು ಮಾಡುತ್ತೇವೆ. ನಮ್ಮ ಬಳೆ ಒಡೆಯುವುದಿಲ್ಲ, ಹೆಚ್ಚುತ್ತದೆ. ಹೊರಟವರನ್ನು ಎಲ್ಲಿಗೆ ಎಂದು ಕೇಳದೆ ದೂರವಾ ಎಂದು ಕೇಳುತ್ತೇವೆ. ಆದರೆ ಕಡಲಿಗೆ ಹೋಗುವವರ ಮನೆಯಲ್ಲಿ ಇದು ಇನ್ನೂ ಬಿಗಿ ಎಂದು ಆ ಹುಡುಗಿ ಹೇಳಿದ ಮೇಲೆ ನನಗೆ ತಿಳಿಯಿತು. ಗಂಡಸರು ಹೊರಟ ಮೇಲೆ ಬೋಟು ಅಳಿವೆ ದಾಟಿ ಕಡಲು ಸೇರುವವರೆಗೆ ಹೆಂಗಸರು ಕಸ ಗುಡಿಸಲು ಹಿಡಿಸೂಡಿ ಮುಟ್ಟುವುದಿಲ್ಲ. ಅವರು ಕಡಲಲ್ಲಿರುವಾಗ ಯಾರಾದರೂ ಬಂದು ಕೇಳಿದರೆ ‘ಇಜ್ಜೆರ್’ ಎನ್ನುವಂತಿಲ್ಲ. ಹೋಗಿದ್ದಾರೆ, ಬರ್ತಾರೆ ಎಂದು ಎರಡನ್ನೂ ಒಟ್ಟಿಗೇ ಹೇಳಬೇಕು. ತೊಟ್ಟಿಲಲ್ಲಿರುವಾಗಿನಿಂದ ಕೇಳಿ ಬೆಳೆದದ್ದು ಅದು. ತುಳುವಿನಲ್ಲಿ ಆ ಮಾತು ಅವಳ ಬಾಯಿಂದ ಸತ್ತರೂ ಬರುತ್ತಿರಲಿಲ್ಲ.

ಆದರೆ ಅವಳು ಹೇಳಿದ್ದು ಕನ್ನಡದಲ್ಲಿ. ಕನ್ನಡ ಅವಳಿಗೆ ಶಾಲೆಯ ಭಾಷೆ, ಪ್ರಶ್ನೆಗೆ ಉತ್ತರ ಬರೆಯುವ ಭಾಷೆ. ನಮ್ಮ ತುಳುವಿನಲ್ಲಿ ‘ಇಲ್ಲ್’ ಎಂದರೆ ಮನೆ. ಕನ್ನಡದ ಇಲ್ಲ ಎನ್ನುವ ಮಾತಿಗೂ ಕಡಲಿಗೂ ಸಂಬಂಧವಿದೆ ಎಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ವರಾಂಡದಲ್ಲಿ ನಾನು ಅದನ್ನೇ ತುಳುವಿನಲ್ಲಿ ಕೇಳಿದಾಗ, ತಾನು ಆಡಿದ್ದೇನು ಎಂದು ಅವಳಿಗೆ ಗೊತ್ತಾಯಿತು. ತುಟಿ ಅಲ್ಲಾಡಿಸಿ ಆ ವಾಕ್ಯವನ್ನು ಒಳಗೇ ತುಳುವಿಗೆ ತಿರುಗಿಸುತ್ತಿದ್ದದ್ದು ನನಗೆ ಕಂಡಿತು.

ಈಗಲೇ ಹೋಗಿ ಸರ್‌ಗೆ ಇದ್ದದ್ದು ಇದ್ದ ಹಾಗೆ ಹೇಳು ಮಾರಾಯ್ತಿ ಎಂದು ಗದರಿದೆ. ಸುಳ್ಳು ಹೇಳಿದೆ ಎಂದು ಬೈತಾರೆ ಮೇಡಂ ಎಂದಳು. ಅಪ್ಪ ಮುಂದಿನ ವಾರ ಬರ್ತಾರೆ, ಬಂದ ಕೂಡಲೇ ಕರೆದುಕೊಂಡು ಬಂದು ಸರ್ ಎದುರು ನಿಲ್ಲಿಸುತ್ತೇನೆ, ಆಗ ಎಲ್ಲ ಸರಿಯಾಗ್ತದೆ ಎಂದು ನನಗಿಂತ ಹೆಚ್ಚಾಗಿ ತನಗೇ ಹೇಳಿಕೊಂಡಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ನನ್ನ ಬಾಯಿಯ ತುದಿಗೆ ಬಂದಿತ್ತು. ಪುಣ್ಯಕ್ಕೆ ನುಂಗಿಕೊಂಡೆ.

ಆ ವಾರದ ಕೊನೆಗೆ ಗಾಳಿ ತಿರುಗಿತು. ಕಡಲಿಗೆ ಇಳಿಯಬಾರದು, ಇಳಿದವರು ಹತ್ತಿರದ ಬಂದರು ಸೇರಬೇಕು ಎಂದು ಎಲ್ಲರ ಮೊಬೈಲಿಗೂ ಸೂಚನೆ ಬಂತು. ಮಲ್ಪೆಯಲ್ಲಿ ಬೋಟುಗಳು ಒಂದಕ್ಕೊಂದು ತಾಗಿ ನಿಂತವು. ಕೆಲವು ಕಾರವಾರಕ್ಕೆ, ಕೆಲವು ಗೋವೆಗೆ ಹೋಗಿ ಸೇರಿದ ಸುದ್ದಿ ಬಂತು. ಮಳೆ ಹೆಚ್ಚೇನೂ ಇರಲಿಲ್ಲ, ಗಾಳಿಯೇ. ಕಾಲೇಜಿನ ಕಿಟಕಿಗಳು ಹಗಲಿಡೀ ಬಡಿದುಕೊಂಡವು. ಮೂರನೇ ಮಹಡಿಯಿಂದ ಆ ಗೆರೆ ಕಾಣದೆ, ಆಕಾಶವೂ ನೀರೂ ಒಂದೇ ಬೂದಿ ಬಣ್ಣವಾಗಿತ್ತು. ಬೆಳಗ್ಗೆ ಮೊಬೈಲ್ ಹಾಕುವ ಪೆಟ್ಟಿಗೆಯ ಮುಂದೆ ಆ ಹುಡುಗಿ ಕೈಯಲ್ಲಿ ಮೊಬೈಲ್ ಹಿಡಿದು ನಿಂತೇ ಇದ್ದಳು. ಹಿಂದಿನವರು ತಳ್ಳಿದರೂ ಮುಂದೆ ಹೋಗಲಿಲ್ಲ. ನಾನೇ ಕಣ್ಸನ್ನೆ ಮಾಡಿ ಅದನ್ನು ಚೀಲದಲ್ಲಿಟ್ಟುಕೊಳ್ಳಲು ಹೇಳಿದೆ. ಪಾಠ ಮಾಡುವಾಗ ಅದು ಯಾವಾಗ ಹೊಡೆದುಕೊಳ್ಳುತ್ತದೋ ಎಂದು ನನಗೇ ಕಿವಿಯೆಲ್ಲ ಅಲ್ಲೇ. ಅದು ಹೊಡೆದುಕೊಳ್ಳಲಿಲ್ಲ.

ಅದೇ ಗಾಳಿಯಲ್ಲಿ ಅವಳ ತಾಯಿ ಕಾಲೇಜಿಗೆ ಬಂದರು. ಮುಖ್ಯಸ್ಥರೇ ಫೋನ್ ಮಾಡಿ ಕರೆಸಿದ್ದರು. ನಾನು ತರಗತಿಯ ಹೊಣೆಯವಳಾದ್ದರಿಂದ ಕೋಣೆಯಲ್ಲಿದ್ದೆ. ಹಣೆಯಲ್ಲಿ ದೊಡ್ಡ ಕುಂಕುಮ, ಮುಡಿಯಲ್ಲಿ ಮಲ್ಲಿಗೆ, ಕುತ್ತಿಗೆಯಲ್ಲಿ ಕರಿಮಣಿ. ಮುಖ್ಯಸ್ಥರು ಅದನ್ನೆಲ್ಲ ನೋಡಿಯೂ ನೋಡಲಿಲ್ಲ. ಅವರ ಮನಸ್ಸಿನಲ್ಲಿ ಸಮಾಧಾನದ ಮಾತು ತಯಾರಾಗಿತ್ತು.

“ಕೂತ್ಕೊಳ್ಳಿ ಅಮ್ಮ. ನಿಮ್ಮ ಯಜಮಾನರು ಇಲ್ಲ ಅಂತ ಮಗಳು ಹೇಳಿದಳು. ಎಷ್ಟು ವರ್ಷ ಆಯ್ತು?”

ಆ ಹೆಂಗಸು ಕೂರಲಿಲ್ಲ. ಎರಡು ದಿನದಿಂದ ಗಂಡನ ಬೋಟಿನ ವೈರ್‌ಲೆಸ್ಸಿಗೆ ಯಾರಿಗೂ ಉತ್ತರ ಸಿಕ್ಕಿರಲಿಲ್ಲ ಎಂದು ನನಗೆ ಆಮೇಲೆ ಗೊತ್ತಾಯಿತು. ಅವರು ಕರಿಮಣಿಯನ್ನು ಮುಷ್ಟಿಯಲ್ಲಿ ಹಿಡಿದು ಮಗಳ ಕಡೆ ತಿರುಗಿದರು. “ಈ ದಾದ ಪಂಡ?” ಎಂದು ಮೆಲ್ಲಗೆ ಕೇಳಿದರು. ನೀನು ಏನು ಹೇಳಿದೆ ಎಂದು. ಮತ್ತೆ ಅವರು ಮುಖ್ಯಸ್ಥರ ಕಡೆ ತಿರುಗಿ, ಒಂದೊಂದೇ ಕನ್ನಡ ಶಬ್ದವನ್ನು ಆರಿಸಿ ಇಟ್ಟ ಹಾಗೆ ಹೇಳಿದರು.

“ಇದ್ದಾರೆ ಸರ್. ಕಡಲಿಗೆ ಹೋಗಿದ್ದಾರೆ. ಬರ್ತಾರೆ.”

ಮುಖ್ಯಸ್ಥರು ಮೊದಲು ನಾಚಿದರು, ಆಮೇಲೆ ಸಿಟ್ಟಾದರು. ಬದುಕಿರುವ ತಂದೆಯನ್ನು ಸತ್ತ ಎಂದು ಹೇಳುವ ಮಕ್ಕಳೂ ಇದ್ದಾರಾ ಎಂದು ಮಗಳನ್ನು ಕೇಳಿದರು. ಆಡಬಾರದ ಮಾತು ಕೋಣೆಯಲ್ಲಿ ಇನ್ನೊಂದು ಸಲ ಬಿತ್ತು. ನನಗೆ ತಡೆಯಲಿಲ್ಲ. ಅವಳು ಸತ್ತ ಎನ್ನಲಿಲ್ಲ ಸರ್, ಊರಲ್ಲಿಲ್ಲ ಎಂದದ್ದು, ತಪ್ಪು ತಿಳಿದುಕೊಂಡದ್ದು ನೀವು ಎಂದು ನನ್ನ ದೊಡ್ಡ ಗಂಟಲಿನಲ್ಲೇ ಹೇಳಿದೆ. ಅವರು ಮೇಜಿನ ಮೇಲಿದ್ದ ಹಾಜರಾತಿ ಪುಸ್ತಕ ಮುಚ್ಚಿದರು. ತಪ್ಪು ತಿಳಿದದ್ದು ಹೌದು, ಆದರೆ ತಂದೆ ಇದ್ದ ಮೇಲೆ ತಾಯಿ ಬಂದರೆ ನಡೆಯುವುದಿಲ್ಲ, ತಂದೆಯೇ ಬರಬೇಕು ಎಂದರು. ಬರ್ತಾರೆ, ಬಂದು ನಿಮ್ಮ ಎದುರು ನಿಲ್ತಾರೆ ಎಂದರು ತಾಯಿ. ಹೊರಗೆ ಹೋಗುವಾಗ ಮಗಳ ಕೈ ಹಿಡಿಯಲಿಲ್ಲ. ಮಗಳು ನಾಲ್ಕು ಹೆಜ್ಜೆ ಹಿಂದೆ ನಡೆದಳು.

ಆಮೇಲೆ ಹುಡುಗಿ ಕಾಲೇಜಿಗೆ ಬರಲಿಲ್ಲ. ಗಾಳಿ ನಿಂತ ಮೇಲೆ ಒಂದು ಆದಿತ್ಯವಾರ ನಾನು ಕಾಪುವಿಗೆ ಹೋದೆ. ದೀಪಸ್ತಂಭದ ಕಡೆಯ ರಸ್ತೆಯಲ್ಲಿ ಮನೆ. ಅಂಗಳದ ಬಾಗಿಲಲ್ಲೇ ನೆರೆಮನೆಯ ಒಬ್ಬ ಅಜ್ಜಿ ನನ್ನನ್ನು ತಡೆದರು. ನೀವು ಕಾಲೇಜಿನವರಾ ಎಂದು ಕೇಳಿ, ಒಳಗೆ ಹೋಗಿ ಎಂತ ಹೇಳಬೇಕು, ಎಂತ ಹೇಳಬಾರದು ಎಂದು ತಿಳಿಸಿಕೊಟ್ಟರು. ಸುದ್ದಿ ಉಂಟಾ ಎಂದು ಕೇಳಬಾರದು. ಪಾಪ ಎನ್ನಬಾರದು. ಧೈರ್ಯ ತಂದುಕೊಳ್ಳಿ ಎಂದೂ ಹೇಳಬಾರದು, ಧೈರ್ಯ ಯಾಕೆ ಬೇಕು ಎಂಬ ಪ್ರಶ್ನೆ ಬರ್ತದೆ. ನಾನು ಕಾಲೇಜಿನಲ್ಲಿ ಎಷ್ಟೋ ವರ್ಷ ನಿಯಮ ಓದಿದವಳು. ಅಷ್ಟು ಗಂಭೀರವಾಗಿ ಯಾರೂ ನನಗೆ ನಿಯಮ ಹೇಳಿರಲಿಲ್ಲ, ನಾನೂ ಅಷ್ಟು ಹೆದರಿ ಕೇಳಿರಲಿಲ್ಲ.

ಒಳಗೆ ಚಾವಡಿಯಲ್ಲಿ ಹೆಂಗಸರು ಕುಳಿತಿದ್ದರು. ಮಾತು ಇತ್ತು, ಆದರೆ ಬಂಗುಡೆಯ ರೇಟು, ಯಾರದೋ ಮಗುವಿನ ಜ್ವರ, ಅಂಥದ್ದೇ. ಟಿವಿ ಬಂದ್ ಇತ್ತು. ವಾರ್ತೆ ಓದುವವರು ಬಾಯಿಗೆ ಬಂದದ್ದು ಹೇಳುತ್ತಾರೆ ಎಂದು ತಂತಿಯನ್ನೇ ಎಳೆದಿದ್ದರು. ಆ ಬೋಟು ನಾಪತ್ತೆ ಎಂದು ಅಷ್ಟರಲ್ಲಿ ಪೇಪರಿನಲ್ಲಿ ಬಂದಾಗಿತ್ತು. ಉಳಿದ ಬೋಟುಗಳು ಒಂದೊಂದಾಗಿ ತಿರುಗಿ ಬಂದಿದ್ದವು, ಇದೊಂದು ಬಂದಿರಲಿಲ್ಲ. ಹುಡುಕಲು ಹೋದವರಿಗೂ ಏನೂ ಸಿಕ್ಕಿರಲಿಲ್ಲ. ತಾಯಿ ನನಗೆ ಚಾ ತಂದುಕೊಟ್ಟು, ಗಾಳಿಗೆ ಎಲ್ಲಿಯಾದರೂ ದೂರದ ಬಂದರಿಗೆ ಹೋಗಿರಬೇಕು, ಬರ್ತಾರೆ ಎಂದರು. ಕುಂಕುಮ ಮೊದಲಿಗಿಂತಲೂ ದೊಡ್ಡದಾಗಿತ್ತು.

ಹುಡುಗಿ ಚಾವಡಿಯಲ್ಲಿರಲಿಲ್ಲ. ಹಿಂದೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಒಬ್ಬಳೇ ಕುಳಿತಿದ್ದಳು. ಯಾರೂ ಅವಳನ್ನು ಬೈದಿರಲಿಲ್ಲ. ಬೈದಿದ್ದರೆ ಎಷ್ಟೋ ಒಳ್ಳೆಯದಿತ್ತು. ಅಮ್ಮ ಆ ದಿನದಿಂದ ನನ್ನೊಟ್ಟಿಗೆ ಮಾತಾಡಲಿಲ್ಲ ಮೇಡಂ ಎಂದಳು. ಊಟ ಬಡಿಸ್ತಾರೆ, ಬಟ್ಟೆ ಮಡಚಿಡ್ತಾರೆ, ಆದರೆ ಮುಖ ನೋಡುವುದಿಲ್ಲ. ನಾನು ಓದಿದವಳು, ಅದೆಲ್ಲ ಸುಳ್ಳು, ಮಾತಿನಿಂದ ಬೋಟು ಮುಳುಗುವುದಿಲ್ಲ ಎಂದು ಹೇಳಬೇಕೆಂದು ಬಾಯಿ ತೆರೆದೆ. ಮುಳುಗುವುದಿಲ್ಲ ಎನ್ನಲಿಕ್ಕೂ ಆ ಅಂಗಳದಲ್ಲಿ ಮುಳುಗು ಎಂಬ ಮಾತು ಬಳಸಬೇಕಾಗುತ್ತದೆ. ಅವಳ ತಲೆಯ ಮೇಲೆ ಕೈಯಿಟ್ಟು ಸುಮ್ಮನೆ ಬಂದೆ. ಹಿಂದೆ ಬರುವಾಗ ಬಸ್ಸಿನಲ್ಲಿ ನನಗೆ ಬಹಳ ಹೆದರಿಕೆಯಾಯಿತು, ಯಾವುದಕ್ಕೆಂದು ಬಿಡಿಸಿ ಹೇಳಲು ಬರುವುದಿಲ್ಲ.

ಪರೀಕ್ಷೆ ಹತ್ತಿರ ಬಂತು. ಮುಖ್ಯಸ್ಥರು ಒಂದು ಸಂಜೆ ಮಣಿಪಾಲದ ತಮ್ಮ ಮನೆಗೆ ನನ್ನನ್ನು ಕರೆಸಿದರು. ಎತ್ತರದ ಮಹಡಿಯ ಮನೆ, ಬಾಲ್ಕನಿಯಿಂದ ಕಡಲು ಅಗಲಕ್ಕೆ ಕಾಣುತ್ತದೆ. ಯಾರು ಬಂದರೂ ಅದನ್ನು ತೋರಿಸುವುದು ಅವರಿಗೆ ಖುಷಿ. ಆ ದಿನ ಬಾಲ್ಕನಿಯ ಬಾಗಿಲನ್ನೇ ತೆರೆಯಲಿಲ್ಲ. ಆ ಹುಡುಗಿಯ ಒಂದು ವರ್ಷ ಹಾಳಾಗಬಾರದು ಮೇಡಂ, ನಾನು ರಾತ್ರಿಯೆಲ್ಲ ಯೋಚಿಸಿದೆ ಎಂದರು. ನಿಯಮ ಮುರಿಯುವುದು ಅವರಿಂದಾಗದು. ಆದರೆ ಈಗ ನಿಯಮದೊಳಗೇ ದಾರಿ ಉಂಟಲ್ಲ. ತಂದೆ ಇಲ್ಲದವರು ತಾಯಿಯನ್ನು ಕರೆತರಬಹುದು. ಸರಕಾರದ ಯಾವ ಪತ್ರವೂ ತನಗೆ ಬೇಡ, ಅವಳು ಒಂದು ಸಲ ಬಾಯಿಬಿಟ್ಟು ಹೇಳಿದರೆ ಸಾಕು ಎಂದರು. ಹಾವೂ ಸಾಯದು, ಕೋಲೂ ಮುರಿಯದು ಎಂದು ನನಗೂ ಅನ್ನಿಸಿತು. ಇಷ್ಟು ಮೆತ್ತಗಾದ ಮನುಷ್ಯನನ್ನು ನಾನು ಮೊದಲು ನೋಡಿರಲಿಲ್ಲ. ತಾಯಿ ಮಗಳಿಗೆ ಬರಲು ಹೇಳಿ ಕಳಿಸಿದೆ.

ಇಬ್ಬರೂ ಬಂದರು. ಅದೇ ಕೋಣೆ. ಹಾಲ್ ಟಿಕೆಟ್ ಮೇಜಿನ ಮೇಲೆ ಇತ್ತು, ಅವಳ ಫೋಟೋ ನಮಗೆಲ್ಲ ಕಾಣುವ ಹಾಗೆ. ಮುಖ್ಯಸ್ಥರು ಸಹಿಯ ಪೆನ್ನು ತೆರೆದು ಹಿಡಿದಿದ್ದರು. ತಾಯಿ ಗೋಡೆಗೆ ತಾಗಿ ನಿಂತು ನೆಲ ನೋಡುತ್ತಿದ್ದರು. ಹೇಳು ಎಂದೂ ಇಲ್ಲ, ಹೇಳಬೇಡ ಎಂದೂ ಇಲ್ಲ.

“ನಾನು ಕೇಳ್ತೀನಿ, ನೀನು ಉತ್ತರ ಕೊಟ್ಟರೆ ಸಾಕು. ತಂದೆ ಇದ್ದಾರಾ, ಇಲ್ವಾ?”

ಹೊರಗೆ ವರಾಂಡದಲ್ಲಿ ಹುಡುಗರು ಹಾಲ್ ಟಿಕೆಟಿಗಾಗಿ ಸಾಲಿನಲ್ಲಿ ನಿಂತು ಗಲಾಟೆ ಮಾಡುತ್ತಿದ್ದರು. ಬಾಯಲ್ಲಿ ಹೇಳುವುದೂ ಬೇಡ, ತಲೆ ಅಲ್ಲಾಡಿಸಿದರೂ ಸಾಕು ಎಂದು ಮುಖ್ಯಸ್ಥರು ಬೇಡಿಕೊಂಡಂತೆ ಹೇಳಿದರು. ಅವಳು ಕುತ್ತಿಗೆಯನ್ನು ಎಷ್ಟು ಬಿಗಿಹಿಡಿದಿದ್ದಳೆಂದರೆ ನರ ಎದ್ದು ಕಾಣುತ್ತಿತ್ತು. ಹೇಳಿಬಿಡು ಹುಡುಗಿ, ಒಂದು ಮಾತು, ಊರಿಗೆಲ್ಲ ಗೊತ್ತಿರುವ ಮಾತು ಎಂದು ನಾನು ಮನಸ್ಸಿನಲ್ಲೇ ಅರಚುತ್ತಿದ್ದೆ. ಕಲಿತು ಒಂದು ಕೆಲಸ ಹಿಡಿದರೆ ಆ ಮನೆಗೆ ಬೇರೆ ಯಾರಿದ್ದಾರೆ ಎಂದು ಅವಳ ಮೇಲೆ ಸಿಟ್ಟೇ ಬಂತು.

“ಬರ್ಪೆರ್” ಎಂದಳು ಅವಳು, ತುಳುವಿನಲ್ಲಿ. ಬರುತ್ತಾರೆ ಎಂದು. ಮುಖ್ಯಸ್ಥರು ಅರ್ಥವಾಗದೆ ನನ್ನ ಮುಖ ನೋಡಿದರು. ನಾನು ಹೇಳುವ ಮೊದಲೇ ಅವಳು ತಲೆಯೆತ್ತಿದಳು.

“ಅಪ್ಪ ಇದ್ದಾರೆ ಸರ್. ಬರ್ತಾರೆ.”

ಇದನ್ನು ಕನ್ನಡದಲ್ಲೇ ಹೇಳಿದಳು, ವರಾಂಡದವರಿಗೂ ಕೇಳುವಷ್ಟು ಗಟ್ಟಿಯಾಗಿ. ಹೊರಗಿನ ಗಲಾಟೆ ನಿಂತಿತು. ಮಲ್ಪೆಯ ಆ ಇಬ್ಬರು ಹುಡುಗರು ಸಾಲಿನಲ್ಲಿದ್ದರೋ ಏನೋ, ನಾನು ನೋಡಲಿಲ್ಲ. ಮುಖ್ಯಸ್ಥರ ಕಣ್ಣು ತುಂಬಿತ್ತು, ಅದನ್ನು ಅವರು ಮುಚ್ಚಿಡಲೂ ಹೋಗಲಿಲ್ಲ. ಹಾಗಾದರೆ ನನ್ನಿಂದ ಕೊಡೋಕಾಗಲ್ಲಮ್ಮ ಎಂದು ಪೆನ್ನಿನ ಮುಚ್ಚಳ ಹಾಕಿದರು. ನನಗೆ ಅವರನ್ನು ಹಿಡಿದು ಅಲ್ಲಾಡಿಸಬೇಕು ಅನ್ನಿಸಿತು. ಹುಡುಗಿಯನ್ನೂ.

ಗೋಡೆಯ ಹತ್ತಿರದಿಂದ ತಾಯಿ ಬಂದರು. ಇಷ್ಟು ದಿನ ಮುಖ ನೋಡದವರು ಮಗಳ ಮುಂದೆ ನಿಂತು ಅವಳ ಮುಖವನ್ನು ಸರಿಯಾಗಿ ನೋಡಿದರು. ಒದ್ದೆ ಜಡೆಯನ್ನು ಬೆನ್ನಿನಿಂದ ಎತ್ತಿ ಮುಂದಕ್ಕೆ ಹಾಕಿ, ಕೈ ಹಿಡಿದುಕೊಂಡರು. ಒಂದು ವರ್ಷ ಕಳೆದುಕೊಂಡು ಹೊರಗೆ ನಡೆದ ಆ ಇಬ್ಬರ ಮುಖದಲ್ಲಿ ನಾನು ಅಳು ಹುಡುಕಿದೆ. ಅಲ್ಲಿದ್ದದ್ದು ನೆಮ್ಮದಿ. ಅದನ್ನು ನೋಡಿದ ಮೇಲೆ ನನ್ನ ಎದೆ ಇನ್ನಷ್ಟು ಒಡೆಯಿತು.

ಮೆಟ್ಟಿಲ ಹತ್ತಿರ ನಾನು ಅವರ ಹಿಂದೆಯೇ ಓಡಿದೆ. ತಾಯಿಯೇ ತಿರುಗಿ ನಿಂತು, ನನ್ನನ್ನು ಸಮಾಧಾನಪಡಿಸುವವರ ಹಾಗೆ ಕೇಳಿದರು.

“ಪರೀಕ್ಷೆ ಪುನಃ ಬರ್ತದೆ ಅಲ್ವಾ ಮೇಡಂ?”

ಬರ್ತದೆ ಎಂದೆ.